ಕಪಿಲೆ ಬಾವಿಗೆ ಬಿದ್ದ ಅಲಗು

ಕೋಲಾರ ಜಿಲ್ಲೆಯಲ್ಲಿ ಹಾಯಿದೋಣಿಯ ಹೊಟ್ಟೆಗೆ ಕೈ ಹಾಕಿ ರಿಪೇರಿ ಮಾಡಿದವರು ಇಬ್ಬರೇ. ಒಬ್ಬರು ನಮ್ಮ ಮೇಸ್ತ್ರಿ, ಇನ್ನೊಬ್ಬ ನಾನು. ಸಮುದ್ರ ನೋಡಿದ್ದೀಯಾ ಎಂದು ಮಾತ್ರ ಕೇಳಬೇಡಿ. ನಮ್ಮ ಕಡೆ ಕೆರೆಯಲ್ಲಿ ನೀರು ಕಂಡರೇ ಅದೊಂದು ಸುದ್ದಿ. ಎಮ್ಮೆ ಮುಳುಗುವಷ್ಟು ನಿಂತರೆ ಪಕ್ಕದೂರಿನಿಂದ ನೆಂಟರು ಬಂದು ನೋಡಿಕೊಂಡು ಹೋಗುತ್ತಾರೆ.

ಆ ವರ್ಷ ಮಳೆ ಹುಚ್ಚು ಹಿಡಿದಂತೆ ಸುರಿದು, ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕೆರೆ ಕೋಡಿ ಹರಿದಿತ್ತು. ಕೆರೆಯ ಪಕ್ಕದ ಮಾವಿನ ತೋಟದ ಯಜಮಾನರು ನೌಕಾಪಡೆಯಲ್ಲಿ ಇಂಜಿನಿಯರಾಗಿದ್ದು ರಿಟೈರಾಗಿ ಬಂದವರು. ಬೇರೆಯವರು ರಿಟೈರಾದರೆ ಟ್ರಂಕು, ಬೀರು ತರುತ್ತಾರೆ. ಇವರು ಲಾರಿಯ ಮೇಲೆ ಹದಿನೆಂಟು ಅಡಿಯ ಮರದ ಹಾಯಿದೋಣಿ ತಂದಿದ್ದರು. ನಾಲ್ಕು ವರ್ಷ ಅದು ದನದ ಕೊಟ್ಟಿಗೆಯಲ್ಲೇ ಬಿದ್ದಿತ್ತು. ಅದರೊಳಗೆ ಕೋಳಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಕೆರೆ ತುಂಬಿದ್ದೇ ತಡ, ಸಾಹೇಬರು ಕೋಳಿಗಳನ್ನು ಒಕ್ಕಲೆಬ್ಬಿಸಿ ದೋಣಿಯನ್ನು ನೀರಿಗಿಳಿಸಿದರು. ಎರಡನೇ ವಾರಕ್ಕೆ ಅದು ಕೆಟ್ಟು ಕೂತಿತು. ಹಾಗಾಗಿ ಅವರ ಜೀಪು ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿರುವ ನಮ್ಮ ಅಂಗಡಿಯ ಮುಂದೆ ಬಂದು ನಿಂತಿತು.

ನಮ್ಮದು ಪಂಪ್‌ಸೆಟ್ ರಿಪೇರಿ ಅಂಗಡಿ. ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು, ಸುಟ್ಟ ಮೋಟಾರುಗಳ ಒಂದು ಗುಡ್ಡ. ಮೇಸ್ತ್ರಿ ಅಲ್ಲಿ ಇಪ್ಪತ್ತು ವರ್ಷದಿಂದ ಇದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಕೃಪೆಯಿಂದ ಬಿಡುವು ಸಿಕ್ಕಿ ಅವರ ಜೊತೆ ಸೇರಿ ಎರಡು ವರ್ಷವಾಗಿತ್ತು.

“ದೋಣಿ ಕೀಲ್ ಸಿಕ್ಕಾಕೊಂಡಿದೆ,” ಎಂದರು ಸಾಹೇಬರು. “ಮೇಲಕ್ಕೂ ಬರ್ತಿಲ್ಲ, ಕೆಳಕ್ಕೂ ಹೋಗ್ತಿಲ್ಲ. ಬೆಂಗಳೂರಿಂದ ಬಂದು ಮಾಡೋರು ಯಾರೂ ಇಲ್ಲ.”

“ಸಾರ್, ನಾವು ಬಾವಿ ಮಂದಿ,” ಎಂದರು ಮೇಸ್ತ್ರಿ. “ದೋಣೀನ ಪುಸ್ತಕ್ದಾಗೆ ನೋಡಿರೋದು ಅಷ್ಟೇ.”

ನಾನು ಸುಮ್ಮನಿರಬಹುದಿತ್ತು. “ಮಾಡ್ಕೊಡ್ತೀವಿ ಸಾರ್. ಹೋದ್ ತಿಂಗ್ಳು ಇಂಥದ್ದೇ ಒಂದು ಬಂದಿತ್ತು,” ಎಂದೆ.

“ಎಲ್ಲಿಂದ?”

“ಬೈರಕೂರಿಂದ ಸಾರ್.”

ಬೈರಕೂರಿನಲ್ಲಿ ಟೊಮೇಟೊ ಬೆಳೆಯುತ್ತಾರೆ, ಮಾವು ಬೆಳೆಯುತ್ತಾರೆ. ದೋಣಿ ಬೆಳೆದದ್ದನ್ನು ಯಾರೂ ಕಂಡಿಲ್ಲ. ಮೇಸ್ತ್ರಿ ನನ್ನ ಕಾಲು ತುಳಿದರು. ಸಾಹೇಬರು ನಕ್ಕು, ಮೇಸ್ತ್ರಿಯ ಕಡೆ ತಿರುಗಿ ಒಂದು ಮಾತು ಹೇಳಿದರು. ಮುಂದಿನದೆಲ್ಲ ನಡೆದದ್ದು ಆ ಮಾತಿನ ಮೇಲೆ.

“ನೋಡು ಮೇಸ್ತ್ರಿ, ಮುಂದಿನ ತಿಂಗಳು ನನ್ನ ಹಳೇ ಸ್ನೇಹಿತರು ದೋಣಿ ನಡೆಸೋಕೆ ಬರ್ತಾರೆ. ಅದರಲ್ಲೊಬ್ಬರು ಮಾಲೂರಿನ ಹೊಸ ಫ್ಯಾಕ್ಟ್ರಿ ಮೇಂಟೆನೆನ್ಸ್‌ಗೆ ಮುಖ್ಯಸ್ಥರು. ಅವರಿಗೆ ಫಿಟ್ಟರ್ ಬೇಕು. ಪರ್ಮನೆಂಟ್ ಕೆಲಸ. ಇದನ್ನ ಸರಿ ಮಾಡಿಕೊಡು, ನಿನ್ನ ಹೆಸರು ನಾನು ಹೇಳ್ತೀನಿ.”

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಮತ್ತೆ ಅದೇ ಸ್ಪ್ಯಾನರನ್ನು ಎತ್ತಿಕೊಂಡರು. “ಬರ್ತೀವಿ ಸಾರ್,” ಎಂದರು.

ಯಾಕೆ ಹಾಗಂದರು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಒಂದು ಬಾವಿಯ ಒಳಗಿನ ಕಟ್ಟೆಯ ಮೇಲೆ ಡೀಸೆಲ್ ಇಂಜಿನ್ ಓಡಿಸಿ ನೋಡಲು ಇಳಿದಿದ್ದ ಮೇಸ್ತ್ರಿ, ಅದರ ಹೊಗೆ ಕುಡಿದು ಅಲ್ಲೇ ಒರಗಿಬಿಟ್ಟಿದ್ದರು. ಮೇಲಕ್ಕೆ ಎಳೆದು ಹಾಕಿದಾಗ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಬಾವಿಗೆ ಕಾಲಿಟ್ಟರೆ ಅವರ ಮೈ ನಡುಗುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ, ಆದರೆ ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತಿತ್ತಲ್ಲ, ಆ ನಡುಕ ಹಗ್ಗದಲ್ಲಿ ಏರಿ ನನ್ನ ಅಂಗೈಗೆ ಬರುತ್ತಿತ್ತು. ಬಾವಿಗೆ ಇಳಿಯದ ಬಾವಿ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕೇ ಬಾಯಿಬಿಡದೆ ಇಳಿಯುತ್ತಿದ್ದರು. ಫ್ಯಾಕ್ಟ್ರಿಯ ನೆಲ ಸಮತಟ್ಟು. ಅಲ್ಲಿ ಬಾವಿ ಇರುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ದೋಣಿ ಕೆರೆಯ ಅಂಚಿನ ಕೆಸರಿನಲ್ಲಿ, ಮದುವೆ ಊಟ ಜಾಸ್ತಿಯಾದ ಬೀಗನ ಹಾಗೆ ಒಂದು ಮಗ್ಗುಲಿಗೆ ಮಲಗಿತ್ತು. ಸಾಹೇಬರು ವಿವರಿಸಿದರು. ದೋಣಿಯ ನಟ್ಟನಡುವೆ, ತಳದಿಂದ ಮೇಲಿನವರೆಗೆ ಒಂದು ಕಿರಿದಾದ ಪೆಟ್ಟಿಗೆ. ಅದರೊಳಗೆ ಮೇಲೆ ಕೆಳಗೆ ಜಾರುವ ಒಂದು ಕಬ್ಬಿಣದ ಅಲಗು, ಅದರ ತುದಿಗೆ ಸೀಸದ ಗಡ್ಡೆ. ಅವರು ಕೀಲ್ ಎಂದದ್ದು ಇದನ್ನೇ. ಆಳದ ನೀರಿನಲ್ಲಿ ಅಲಗನ್ನು ಇಳಿಬಿಟ್ಟರೆ ಗಾಳಿ ಎಷ್ಟೇ ತಳ್ಳಿದರೂ ದೋಣಿ ಮಗುಚುವುದಿಲ್ಲ. ನೀರು ಕಮ್ಮಿಯಾದ ಕಡೆ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಕೆಸರಿಗೆ ನಾಟಿಕೊಳ್ಳುತ್ತದೆ. ಎತ್ತುವುದಕ್ಕೆ ಒಂದು ಕೈರಾಟೆ, ಅದರಿಂದ ಉಕ್ಕಿನ ತಂತಿ ಹಗ್ಗ, ಆ ಹಗ್ಗ ಒಂದು ಗಾಲಿಯ ಮೇಲೆ ಹಾದು ಅಲಗಿನ ನೆತ್ತಿಯ ಕಣ್ಣಿಗೆ. ಕೈರಾಟೆ ಹಿಂದಕ್ಕೆ ಜಾರದಂತೆ ಹಲ್ಲುಚಕ್ರಕ್ಕೆ ಕೂರುವ ಒಂದು ನಾಲಗೆ.

“ಇದು ಬಾವೀಲಿ ಪೈಪು ಎತ್ತೋ ಕೆಲ್ಸಾನೇ ಕಣ್ಲಾ,” ಎಂದರು ಮೇಸ್ತ್ರಿ ನನ್ನ ಕಿವಿಯಲ್ಲಿ. ಅವರ ಮುಖದಲ್ಲಿ ಬಣ್ಣ ಬಂತು.

ರೋಗ ಒಂದಲ್ಲ, ನಾಲ್ಕಿದ್ದವು. ತಂತಿ ಹಗ್ಗದ ಎಳೆಗಳು ಕಿತ್ತು ಮುಳ್ಳುಹಂದಿಯಾಗಿತ್ತು. ಗಾಲಿಯ ಒಳಬಳೆ, ಅಂದರೆ ಬುಷ್, ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ರಾಟೆಯ ನಾಲಗೆ ಮೊಂಡಾಗಿ ಹಲ್ಲಿನ ಮೇಲೆ ಕೂರದೆ ಜಾರುತ್ತಿತ್ತು. ನಾಲ್ಕನೆಯದು, ಪೆಟ್ಟಿಗೆಯೊಳಗೆ ಕೆರೆಯ ಜೇಡಿಮಣ್ಣು, ತುಕ್ಕು, ನಾಲ್ಕು ವರ್ಷದ ಕೋಳಿಹಿಕ್ಕೆ ಎಲ್ಲ ಸೇರಿ ಸಿಮೆಂಟಾಗಿ ಅಲಗನ್ನು ಅರ್ಧದಲ್ಲಿ ಹಿಡಿದುಕೊಂಡಿತ್ತು. ಅಲಗಿನ ತೂಕ ಸಾಹೇಬರು ಹೇಳಿದ ಪ್ರಕಾರ ನೂರಿಪ್ಪತ್ತು ಕಿಲೋ. ನಾನು ಊರಿನವರಿಗೆ ಹೇಳುವಾಗ ಮುನ್ನೂರು. ಬಸ್ಸಿನಲ್ಲಿ ಹೇಳುವಾಗ ಒಂದು ಟನ್ನು.

ಅಲಗನ್ನು ಪೂರ್ತಿ ಹೊರಗೆ ತೆಗೆಯದೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಅದು ಕೆಳಗಿನಿಂದಲೇ ಬರಬೇಕು. ಹಾಗೆ ಬರಬೇಕಾದರೆ ದೋಣಿ ಐದಾರು ಅಡಿ ಎತ್ತರದಲ್ಲಿ ನಿಲ್ಲಬೇಕು. ಬಂದರಿನಲ್ಲಿ ಇದಕ್ಕೆ ಕ್ರೇನ್ ಇರುತ್ತದಂತೆ. ಸಾಹೇಬರು ಗಲ್ಲಕ್ಕೆ ಕೈ ಕೊಟ್ಟು ಕೂತರು. ಮೇಸ್ತ್ರಿ ತೋಟವನ್ನೆಲ್ಲ ಒಂದು ಸುತ್ತು ಹಾಕಿಕೊಂಡು ಬಂದರು.

“ಸಾರ್, ದೋಣೀನ ಎತ್ತೋದು ಬ್ಯಾಡ. ನೆಲಾನೇ ತಗ್ಗಿಸಿಬಿಡಾಣ.”

“ಅಂದ್ರೆ?”

“ನಿಮ್ ಕಪಿಲೆ ಬಾವಿ ಮ್ಯಾಲೆ ಇಡಾಣ.”

ತೋಟದಲ್ಲಿ ಎತ್ತು ಕಟ್ಟಿ ನೀರೆತ್ತುತ್ತಿದ್ದ ಹಳೆಯ ಕಪಿಲೆ ಬಾವಿಯೊಂದಿತ್ತು. ಕರೆಂಟು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಕಲ್ಲುಕಂಬಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಬಾವಿಯ ಒಂದು ಮೂಲೆಗೆ ಎರಡು ನೀಲಗಿರಿ ದಿಮ್ಮಿ ಅಡ್ಡ ಹಾಕಿ, ಅದರ ಮೇಲೆ ದೋಣಿ ಕೂರಿಸಿದರೆ, ಅಲಗು ಬಾವಿಯೊಳಕ್ಕೆ ಎಷ್ಟು ಬೇಕಾದರೂ ಇಳಿಯಬಹುದು. ಸಾಹೇಬರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ಹೋಗಿ ಬಾವಿಯನ್ನು ಟೇಪು ಹಿಡಿದು ಅಳೆದರು. “ಭೇಷ್!” ಎಂದರು. ಇಪ್ಪತ್ತು ವರ್ಷದಲ್ಲಿ ಮೇಸ್ತ್ರಿಗೆ ನಮ್ಮ ಓನರ್ ಒಂದು ಸಲವೂ ಆ ಮಾತು ಹೇಳಿರಲಿಲ್ಲ.

ಎರಡು ಎತ್ತಿನ ಗಾಡಿಗಳನ್ನು ಜೊತೆಗೆ ಕಟ್ಟಿ, ಊರಿನ ಮೂವತ್ತು ಜನ ಹೆಗಲು ಕೊಟ್ಟು, ದೋಣಿಯನ್ನು ಬಾವಿಯವರೆಗೆ ತಂದೆವು. ಮೇಕೆ ಕಾಯುವ ಒಬ್ಬ ಅಜ್ಜಿ ಜೊತೆಯಲ್ಲೇ ಬಂದಳು.

“ಏಮ್ರಾ, ಕೆರೆ ಬಿಟ್ಟು ಬಾವೀಲಿ ಬಿಡ್ತೀರಾ ಇದನ್ನ?”

“ಹೌದಜ್ಜಿ. ಬಾವಿಯಿಂದ ಬಾವಿಗೆ ಒಳಗೊಳಗೇ ಮದರಾಸಿಗೆ ದಾರಿ ಐತೆ,” ಎಂದೆ.

“ನಿನ್ ಬಾಯಿಗೆ ಬೀಗ ಹಾಕೋರೇ ಇಲ್ಲ,” ಎಂದಳು. ಆದರೂ ದಿನಾ ಬಂದು ಕೂರುತ್ತಿದ್ದಳು. ನನಗೂ ಕೇಳುವವರು ಬೇಕಿತ್ತು.

ಎರಡು ದಿನ ಪೆಟ್ಟಿಗೆಯ ಸಂದಿಗೆ ಸೀಮೆಎಣ್ಣೆ, ಡೀಸೆಲ್ ಬೆರೆಸಿ ಸುರಿದೆವು. ಹ್ಯಾಕ್ಸಾ ಬ್ಲೇಡುಗಳನ್ನು ಬಿದಿರು ಸೀಳಿಗೆ ಕಟ್ಟಿ ಒಳಗೆ ಬಿಟ್ಟು ಕೆರೆದೆವು. ಬಂದ ಕೊಳೆಗೆ ಎಂಥ ವಾಸನೆ ಎಂದರೆ ಮೇಕೆಗಳೇ ದೂರ ಹೋಗಿ ನಿಂತವು. ದೋಣಿಯ ಮೇಲೆ ಮೂರು ಕಂಬದ ಮುಕ್ಕಾಲಿ ನಿಲ್ಲಿಸಿ ಚೈನ್ ಪುಲ್ಲಿ ತೂಗುಹಾಕಿ, ಅದರ ಕೊಕ್ಕೆಯನ್ನು ಅಲಗಿನ ನೆತ್ತಿಯ ಕಣ್ಣಿಗೆ ಸಿಕ್ಕಿಸಿದೆವು. ಬಾವಿ ಕೆಲಸದಲ್ಲಿ ನಮ್ಮ ಮೇಸ್ತ್ರಿ ಒಂದೇ ಕೊಕ್ಕೆಯನ್ನು ನಂಬಿದವರಲ್ಲ. ಅಲಗಿನ ಕೆಳಗಿನ ಇನ್ನೊಂದು ತೂತಿಗೆ ದಪ್ಪ ಹಗ್ಗ ಪೋಣಿಸಿ ಅದರ ತುದಿಯನ್ನು ನನಗೆ ಕೊಟ್ಟರು. ಅದನ್ನು ಕಪಿಲೆಯ ಕಲ್ಲುಕಂಬಕ್ಕೆ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಕೈಯಲ್ಲೂ ಹಿಡಿದುಕೊಳ್ಳಬೇಕು. ಚೈನು ಕೈಕೊಟ್ಟರೆ ಈ ಹಗ್ಗ ಕಾಯುತ್ತದೆ.

ಬಾವಿಯ ಮಂದಿಗೆ ಒಂದು ನೇಮವಿದೆ. ಕೆಲಸ ಮಾಡುವವನು “ಹಿಡಿದ್ಯಾ?” ಎನ್ನಬೇಕು. ಹಗ್ಗದವನು ಹಗ್ಗ ನೋಡಿ, ಗಂಟು ನೋಡಿ, “ಹಿಡಿದೆ” ಎನ್ನಬೇಕು. ಆ ಉತ್ತರ ಬರದೆ ಮೇಲಿನವನೂ ಕೆಳಗಿನವನೂ ಬೆರಳೆತ್ತುವುದಿಲ್ಲ. ಬಂದ ಮೇಲೆ ತಿರುಗಿ ನೋಡುವುದೂ ಇಲ್ಲ. ತಿರುಗಿ ನೋಡಿದರೆ ಹಗ್ಗದವನಿಗೆ ಅವಮಾನ ಮಾಡಿದಂತೆ.

ಮೂರನೆಯ ದಿನ ಹೊತ್ತು ನೆತ್ತಿಗೆ ಬರುವ ಮೊದಲು ಅಲಗು ಒಂದಿಷ್ಟು ಅಲುಗಿತು. ಮೇಸ್ತ್ರಿ ದೋಣಿಯೊಳಗೆ ಮರದ ಕೊಡತಿ ಹಿಡಿದು ನಿಂತಿದ್ದರು. ನಾನು ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿದ್ದೆ. ಅಷ್ಟರಲ್ಲಿ ಅಜ್ಜಿ, “ಆ ಸೀಸ ಎಷ್ಟು ತೂಕ ಬರ್ತೈತೋ?” ಎಂದು ಕೇಳಿದಳು. ಸುತ್ತ ಹತ್ತು ಹುಡುಗರು ಬಾಯಿ ಬಿಟ್ಟುಕೊಂಡು ಕೂತಿದ್ದರು. ಇಂಥದ್ದೇ ಒಂದು ಅಲಗು ಬೊಂಬಾಯಿಯಲ್ಲಿ ಜಾರಿ ಬಿದ್ದು, ಸಮುದ್ರದ ತಳಕ್ಕೆ ತೂತಾಗಿ, ಮೂರು ದಿನ ನೀರು ಸೋರಿತು ಎಂದು ನಾನು ಹೇಳುತ್ತಿದ್ದೆ. ಒಳ್ಳೆಯ ಭಾಗಕ್ಕೆ ಬಂದಿದ್ದೆ.

“ಹಿಡಿದ್ಯಾ?” ಎಂದರು ಮೇಸ್ತ್ರಿ.

“ಹಿಡಿದೇ!” ಎಂದೆ.

ಹಗ್ಗದ ತುದಿ ನನ್ನ ಕಾಲ ಹತ್ತಿರ ನೆಲದ ಮೇಲಿತ್ತು.

ಕೊಡತಿಯ ಮೂರನೆಯ ಏಟಿಗೆ ಅಲಗು ಸಡಿಲಾಯಿತು. ತುಕ್ಕು ತಿಂದಿದ್ದ ನೆತ್ತಿಯ ಕಣ್ಣು ಹಪ್ಪಳದ ಹಾಗೆ ಮುರಿಯಿತು. ಚೈನಿನ ಕೊಕ್ಕೆ ಬರಿಗೈಯಲ್ಲಿ ಮೇಲಕ್ಕೆ ಚಿಮ್ಮಿತು. ಹಗ್ಗ ಬುಸ್ಸೆಂದು ಓಡತೊಡಗಿತು. ಮೇಸ್ತ್ರಿ ದೋಣಿಯಿಂದ ಹಾರಿ ಎರಡೂ ಕೈಯಲ್ಲಿ ಅದನ್ನು ಹಿಡಿದರು. ನಾನು ಹಿಡಿಯಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಅವರ ಅಂಗೈಯ ಚರ್ಮ ಕಿತ್ತುಕೊಂಡು ಹಗ್ಗ ಬಾವಿಯೊಳಕ್ಕೆ ಹೋಯಿತು. ಕೆಳಗೆ ಆದ ಸದ್ದಿಗೆ ಪಾರಿವಾಳಗಳೆಲ್ಲ ಎದ್ದು ಹಾರಿದವು.

ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದ ಸಾಹೇಬರು ಓಡಿ ಬಂದರು. ಬಾವಿಗೆ ಬಗ್ಗಿ ನೋಡಿದರು, ಕಂಬ ನೋಡಿದರು.

“ಸೇಫ್ಟಿ ಹಗ್ಗ ಕಟ್ಟಿದ್ದು ಯಾರು?”

ಮೇಸ್ತ್ರಿ ನನ್ನನ್ನೇ ನೋಡಿದರು. ನಾನು ಹೇಳಲಿ ಎಂದು ಕಾದರು ಅಂತ ಈಗ ಅನ್ನಿಸುತ್ತದೆ. ನನ್ನ ಬಾಯಿ ಎಂದೂ ನನ್ನನ್ನು ಕೇಳಿ ಕೆಲಸ ಮಾಡಿದ್ದಲ್ಲ.

“ಮೇಸ್ತ್ರೀನೇ ಕಟ್ಟಿದ್ರು ಸಾರ್,” ಎಂದೆ.

ಸಾಹೇಬರು ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. “ನಂ ಹಡಗಿನಲ್ಲಾಗಿದ್ರೆ ಇಂಥೋನನ್ನ ಆ ದಿನವೇ ಇಳಿಸಿಬಿಡ್ತಿದ್ವಿ,” ಎಂದರು ಸಾಹೇಬರು. ಅಜ್ಜಿ ಎದ್ದು ಮೇಕೆಗಳನ್ನು ಹೊಡೆದುಕೊಂಡು ನನ್ನ ಪಕ್ಕದಲ್ಲೇ ಹಾದಳು. “ಆ ಬಾವಿಗಿಂತ ನಿನ್ ಬಾಯಿ ಆಳ ಕಣಪ್ಪಾ,” ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಮಾರನೆಯ ದಿನದಿಂದ ಬರಲಿಲ್ಲ.

ಅಲಗನ್ನು ಮೇಲೆ ತರಬೇಕಿತ್ತು. ಬಾವಿಯಲ್ಲಿ ಎರಡಾಳು ನೀರು. ಮೇಸ್ತ್ರಿ ಟವೆಲ್ಲು ಹರಿದು ಕೈಗೆ ಸುತ್ತಿಕೊಂಡರು. ಅಂಗಿ ಬಿಚ್ಚಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರ ತುದಿಯನ್ನು ನನ್ನ ಕೈಗೇ ಕೊಟ್ಟರು.

“ನಾನ್ ಇಳೀತೀನಿ ಮೇಸ್ತ್ರೀ,” ಎಂದೆ.

“ನಿಂಗೆ ಮುಳುಗಿ ಕೊಕ್ಕೆ ಹಾಕಕ್ ಬರಲ್ಲ. ಹಿಡ್ಕೊಳಲಾ.”

ಈ ಸಲ ಕಂಬಕ್ಕೆ ಸುತ್ತಿದೆ, ಗಂಟು ಹಾಕಿದೆ, ನನ್ನ ಸೊಂಟಕ್ಕೂ ಬಿಗಿದುಕೊಂಡೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳ ಮೇಲೆ ಅವರು ಒಂದೊಂದೇ ಹೆಜ್ಜೆ ಇಳಿದರು. ನಾಲ್ಕನೆಯ ಕಲ್ಲಿಗೆ ನಡುಕ ಶುರುವಾಯಿತು. ಹಗ್ಗ ವೀಣೆಯ ತಂತಿಯ ಹಾಗೆ ಅದುರುತ್ತಿತ್ತು. ಮೂರು ಸಲ ಮುಳುಗಿ, ಮೂರನೆಯ ಸಲಕ್ಕೆ ಅಲಗಿನ ತೂತಿಗೆ ಕೊಕ್ಕೆ ಹಾಕಿ, ಮೇಲೆ ಬಂದು ಕಟ್ಟೆಯ ಮೇಲೆ ಬೋರಲು ಬಿದ್ದುಕೊಂಡರು. ಊರಿನವರು ಹಗ್ಗಕ್ಕೆ ಕೈ ಹಾಕಿ ಅಲಗನ್ನು ಎಳೆದರು. ಅದಕ್ಕೂ ಮೊದಲು ಎತ್ತು ಕಟ್ಟಿ ನೋಡಿದ್ದೆವು, ಆಗಿರಲಿಲ್ಲ. ಪಂಪ್‌ಸೆಟ್ ಕಾಲದಲ್ಲಿ ಹುಟ್ಟಿದ ಎತ್ತುಗಳಿಗೆ ಕಪಿಲೆಯ ಹಿಮ್ಮುಖ ನಡಿಗೆ ಗೊತ್ತಿಲ್ಲ, ಬಾವಿಯ ಕಡೆ ತಿರುಗಿ ನೀರು ಕುಡಿಯಲು ಹೋದವು.

ಸಂಜೆ ಬಸ್ಸಿಗೆ ಕಾಯುವಾಗ ಕೇಳಿದೆ. “ಯಾಕ್ ಮೇಸ್ತ್ರೀ ಸುಮ್ನಿದ್ರಿ? ನಾನು ಅಂತ ಹೇಳ್ಬೋದಿತ್ತಲ್ಲ.”

“ಹಗ್ಗ ಹಿಡ್ಯೋನ್ ಜೊತೆ ಜಗಳ ಆಡ್ಕೊಂಡು ಬಾವಿಗ್ ಇಳ್ಯಾಕಾಗ್ತದೇನ್ಲಾ?” ಎಂದರು. ಕೋಪವಿರಲಿಲ್ಲ. ಬುದ್ಧಿ ಇಲ್ಲದವನಿಗೆ ಸ್ಕ್ರೂ ಯಾವ ಕಡೆ ತಿರುಗಿಸಬೇಕು ಎಂದು ಹೇಳಿಕೊಡುವ ಧ್ವನಿ. “ಕೆಲ್ಸ ಚೆನ್ನಾಗ್ ಮಾಡಿಕೊಡಾಣ. ಕೆಲ್ಸ ನೋಡಿದ್ ಮ್ಯಾಲೆ ಸಾಹೇಬ್ರು ಮನ್ಸು ಬದಲಾಯ್ಸ್ತಾರೆ.”

ಆಮೇಲೆ ಎರಡು ವಾರ ಅವರು ಮಾಡಿದ ಕೆಲಸವನ್ನು ನಾನು ಉಬ್ಬಿಸಿ ಹೇಳಬೇಕಾಗಿಲ್ಲ. ಅಲಗನ್ನು ಮುಳಬಾಗಿಲಿಗೆ ತಂದು, ತುಕ್ಕು ತಿಂದ ನೆತ್ತಿಯನ್ನು ಕತ್ತರಿಸಿ ತೆಗೆದು, ದಪ್ಪ ತಗಡು ಬೆಸೆದು ಹೊಸ ಕಣ್ಣು ಕೊರೆದರು. ಹಳೆಯ ಫುಟ್‌ವಾಲ್ವಿನ ಗನ್‌ಮೆಟಲ್ ಎಂಬ ಕಂಚು ಕರಗಿಸಿ ಲೇತಿನಲ್ಲಿ ಗಾಲಿಗೆ ಬುಷ್ ಮಾಡಿದರು. ಲಾರಿಯ ಸ್ಪ್ರಿಂಗ್ ಪಟ್ಟೆಯ ಚೂರನ್ನು ಅರದಿಂದ ತೀಡಿ ರಾಟೆಗೆ ಹೊಸ ನಾಲಗೆ ಮಾಡಿ, ಕೆಂಪಗೆ ಕಾಯಿಸಿ ಎಣ್ಣೆಗದ್ದಿ ಗಟ್ಟಿ ಮಾಡಿದರು. ಅರ ಹಿಡಿದಾಗ ಬ್ಯಾಂಡೇಜಿನಿಂದ ರಕ್ತ ಒಸರಿ ಹಿಡಿ ಜಾರುತ್ತಿತ್ತು. ನಾನು ಮಾಡುತ್ತೇನೆ ಎಂದರೆ, “ನೀನು ತೀಡಿದ್ರೆ ನಾಲ್ಗೆ ಉದ್ದ ಆಗ್ತದೆ,” ಎನ್ನುತ್ತಿದ್ದರು. ಪೆಟ್ಟಿಗೆಯ ಒಳಬದಿಗೆ ಅಲಗು ಉಜ್ಜದ ಹಾಗೆ ಹೊನ್ನೆ ಮರದ ಪಟ್ಟಿಗಳನ್ನು ಕೊರೆದು, ಹರಳೆಣ್ಣೆಯಲ್ಲಿ ಕುದಿಸಿ ಕೂರಿಸಿದರು. ಹೊಸ ತಂತಿ ಹಗ್ಗಕ್ಕೆ ಬೋರ್‌ವೆಲ್ ಲಾರಿಯವರನ್ನು ಹಿಡಿದರು. ಕೊನೆಗೆ ಅದೇ ಬಾವಿಯ ಮೇಲೆ ಅಲಗನ್ನು ಜೋಡಿಸಿ ನಲವತ್ತು ಸಲ ಇಳಿಸಿ ಎತ್ತಿದೆವು. ಪೂರ್ತಿ ಎತ್ತಲು ಮೂವತ್ತೆರಡು ಸುತ್ತು. ಒಂದು ಸಲವೂ ಜಾರಲಿಲ್ಲ. ಎಮ್ಮೆಯ ಮೊಲೆಯಿಂದ ಹಾಲು ಇಳಿದ ಹಾಗೆ ಇಳಿಯುತ್ತಿತ್ತು.

ಸಾಹೇಬರು ನೋಡಿದರು. “ಕೆಲಸ ಚೆನ್ನಾಗಿದೆ,” ಎಂದರು. ಭೇಷ್ ಎನ್ನಲಿಲ್ಲ. “ಗೆಸ್ಟ್ ಬರೋ ದಿನ ಹುಡುಗನ್ನ ಕಳಿಸು, ರಾಟೆ ತಿರುಗಿಸೋಕೆ. ನೀನು ಬರೋದೇನು ಬೇಡ.”

“ಸಾರ್, ಆ ಫ್ಯಾಕ್ಟ್ರಿ ವಿಷ್ಯ...” ಎಂದರು ಮೇಸ್ತ್ರಿ.

“ನೋಡೋಣ.”

ಆ ‘ನೋಡೋಣ’ವನ್ನು ಮೇಸ್ತ್ರಿ ಮುಳಬಾಗಿಲಿನವರೆಗೂ ಹೊತ್ತುಕೊಂಡು ಬಂದರು. “ನೋಡಾಣ ಅಂದ್ರಲ್ಲ, ಆಗಲ್ಲ ಅನ್ಲಿಲ್ಲ,” ಎಂದು ಬಸ್ಸಿನಲ್ಲಿ ಮೂರು ಸಲ ಹೇಳಿದರು. ಇಳಿಯುವಾಗ ನನ್ನ ತೋಳು ಹಿಡಿದು, “ನೀನು ಅಲ್ಲೇ ಇರ್ತೀಯ. ಅವ್ರು ಮಾತಾಡ್ವಾಗ ಕಿವಿ ಕೊಟ್ಟು ಕೇಳ್ಕೊಂಡ್ ಬಾ. ಏನೂ ಸೇರಿಸ್ಬೇಡ, ಏನೂ ತೆಗೀಬೇಡ. ಹಂಗೇ ಬಂದು ಹೇಳು,” ಎಂದರು.

ಆ ದಿನ ಬಂತು. ಸಾಹೇಬರ ಸ್ನೇಹಿತರು ಇಬ್ಬರು. ಮಾಲೂರಿನ ಫ್ಯಾಕ್ಟ್ರಿಯವರು ಬಿಳಿ ಟೋಪಿ ಹಾಕಿಕೊಂಡಿದ್ದರು. ಹಾಯಿ ಗಾಳಿ ಕುಡಿದು ಉಬ್ಬಿತು. ಕೆರೆಯ ಏರಿಯ ಮೇಲೆ ಶ್ರೀನಿವಾಸಪುರ ತಾಲ್ಲೂಕೇ ಬಂದು ನಿಂತಿತ್ತು, ಅಂದರೆ ಒಂದು ಇನ್ನೂರು ಜನ. ನಾನು ರಾಟೆಯ ಹತ್ತಿರ ಕೂತಿದ್ದೆ. ಸಾಹೇಬರು “ಡೌನ್” ಎಂದರೆ ಇಳಿಸುವುದು, “ಅಪ್” ಎಂದರೆ ಎತ್ತುವುದು. ಗದ್ದೆಯ ಮಗ್ಗುಲಿಗೆ ಬಂದಾಗ ಅಲಗು ಕೆಸರಿಗೆ ತಾಗಿತು. ಸಾಹೇಬರು ಕೂಗುವ ಮೊದಲೇ ಹನ್ನೆರಡು ಸುತ್ತು ಎತ್ತಿದೆ. ಲಾರಿ ಪಟ್ಟೆಯ ನಾಲಗೆ ಟಕ್ ಟಕ್ ಎಂದು ಹಲ್ಲಿನ ಮೇಲೆ ಕೂರುತ್ತಿತ್ತು. ಬಿಳಿ ಟೋಪಿಯವರು ಬಗ್ಗಿ ಅದನ್ನು ಮುಟ್ಟಿ ನೋಡಿ, “ಯಾರಯ್ಯಾ ಇದನ್ನ ಮಾಡಿದ್ದು?” ಎಂದರು.

ದಡಕ್ಕೆ ಬಂದು ಅವರೆಲ್ಲ ಜಮಖಾನದ ಮೇಲೆ ಕೂತು ಬೇಯಿಸಿದ ಅವರೆಕಾಯಿ ಬಿಡಿಸಿ ತಿನ್ನುತ್ತಿದ್ದರು. ಹೇಳಿದರೆ ಈಗ ಹೇಳಬೇಕು, ಇಲ್ಲದಿದ್ದರೆ ಇಲ್ಲ ಎಂದು ನನಗೆ ಅನ್ನಿಸಿತು. ಎಣ್ಣೆಯ ಕೈ ಒರೆಸಿಕೊಂಡು ಜಮಖಾನದ ಅಂಚಿಗೆ ಹೋಗಿ ನಿಂತೆ.

“ಸಾರ್, ಅವತ್ತು ಹಗ್ಗ ಕಟ್ಟದೆ ಇದ್ದೋನು ನಾನು. ಮೇಸ್ತ್ರಿ ಅಲ್ಲ. ಮೇಸ್ತ್ರಿ ಕೇಳಿದ್ರು, ನಾನು ಹಿಡಿ​ದೆ ಅಂತ ಸುಳ್ಳು ಹೇಳ್ದೆ. ನಿಮ್ಗೂ ಸುಳ್ಳು ಹೇಳ್ದೆ. ಅವರ ತಪ್ಪು ಒಂದು ಚೂರೂ ಇಲ್ಲ. ಫ್ಯಾಕ್ಟ್ರಿ ಕೆಲ್ಸ ಅವರಿಗೇ ಕೊಡ್ಸಿ ಸಾರ್.”

ಇಷ್ಟು ದೊಡ್ಡ ಮಾತಿಗೆ ಆಕಾಶ ಬೀಳಬೇಕಿತ್ತು, ಅಥವಾ ಕಪಾಳಕ್ಕೆ ಒಂದಾದರೂ ಬೀಳಬೇಕಿತ್ತು. ಸಾಹೇಬರು ಅವರೆಕಾಯಿಯ ಸಿಪ್ಪೆ ಪಕ್ಕಕ್ಕೆ ಹಾಕಿದರು.

“ಹೋಗ್ಲಿ ಬಿಡೋ. ಈಗ ಹೇಳಿದ್ಯಲ್ಲ, ಒಳ್ಳೇದು. ಹೇಗಿದ್ರೂ ಅವನಿಗೆ ಆ ಕೆಲಸ ಸಿಗ್ತಿರಲಿಲ್ಲ.”

“ಯಾಕ್ ಸಾರ್?”

ಬಿಳಿ ಟೋಪಿಯವರು ಕೇಳಿದರು, “ವಯಸ್ಸೆಷ್ಟು ಅವನಿಗೆ?”

“ನಲವತ್ತೈದು ಸಾರ್.”

“ನಮ್ಮಲ್ಲಿ ಹೊಸದಾಗಿ ತಗೊಳ್ಳೋದು ಇಪ್ಪತ್ತೈದರ ಒಳಗೆ. ರೂಲು,” ಎಂದರು. ಸಾಹೇಬರ ಕಡೆ ತಿರುಗಿ, “ನಿಂಗೆ ಹೇಳಿದ್ದೆನಲ್ಲಯ್ಯ, ಮೊದಲೇ?”

“ಹೌದಯ್ಯ, ನೀನು ಹೇಳಿದ್ದೆ,” ಎಂದರು ಸಾಹೇಬರು. ಆಮೇಲೆ ನನಗೆ, ಸಮಾಧಾನದ ಧ್ವನಿಯಲ್ಲಿ, “ಏನಾದ್ರೂ ಒಂದು ಆಸೆ ಇದ್ರೆ ಕೆಲಸದವರು ಮನಸ್ಸಿಟ್ಟು ಮಾಡ್ತಾರೆ ಕಣೋ. ನೋಡು, ಎಷ್ಟು ಚೆನ್ನಾಗಿ ಮಾಡಿದಾನೆ.”

ಬೊಂಬಾಯಿಯ ಸಮುದ್ರಕ್ಕೆ ತೂತು ಹಾಕಿದ ನಾನು ಈ ಮನುಷ್ಯನ ಮುಂದೆ ಸುಳ್ಳಿನಲ್ಲಿ ಒಂದನೇ ಕ್ಲಾಸಿನ ಹುಡುಗ.

“ನಿಂಗೆಷ್ಟಪ್ಪಾ ವಯಸ್ಸು?” ಎಂದರು ಬಿಳಿ ಟೋಪಿಯವರು.

“ಹದಿನೆಂಟು ತುಂಬ್ತು ಸಾರ್.”

“ಹೇಳೋ ಮೊದಲೇ ಎತ್ತಿದೆ ಅಲ್ಲಿ, ಕೆಸರು ಸಿಕ್ಕಾಗ. ಒಂದನೇ ತಾರೀಕು ಬಂದು ನೋಡು ನನ್ನ. ಹೆಲ್ಪರಾಗಿ ಹಾಕ್ತೀನಿ.”

ಬೇಡ ಎನ್ನಬೇಕಿತ್ತು. “ಬರ್ತೀನಿ ಸಾರ್,” ಎಂದೆ.

ಮಾರನೆಯ ದಿನ ಅಂಗಡಿಗೆ ಹೋದರೆ ಮೇಸ್ತ್ರಿ ಇರಲಿಲ್ಲ. ಊರಾಚೆಯ ಒಂದು ಬಾವಿಯಲ್ಲಿ ಪೈಪಿನ ತಳದ ಫುಟ್‌ವಾಲ್ವು ಕಚ್ಚಿಕೊಂಡಿದೆ, ಅಲ್ಲಿಗೆ ಹೋಗಿದ್ದಾರೆ, ನಿನಗೂ ಬರಹೇಳಿದ್ದಾರೆ ಎಂದರು ಓನರು. ಬಾವಿಯ ಕಟ್ಟೆಯ ಮೇಲೆ ಮೇಸ್ತ್ರಿ ಕೂತು ಹಗ್ಗದ ಸಿಕ್ಕು ಬಿಡಿಸುತ್ತಿದ್ದರು. ಕೈಯ ಬ್ಯಾಂಡೇಜು ಎಣ್ಣೆಯಿಂದ ಕಪ್ಪಾಗಿತ್ತು. ಜಮೀನಿನ ಯಜಮಾನ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ. ನನ್ನನ್ನು ನೋಡಿ ಮೇಸ್ತ್ರಿ ಎದ್ದು ನಿಂತರು. ನನ್ನಂಥವನಿಗೆ ಅವರು ಎದ್ದು ನಿಂತರು.

“ಏನಂದ್ರು?”

ದಾರಿಯುದ್ದಕ್ಕೂ ಎರಡು ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಒಂದು ನಡೆದದ್ದು. ಇನ್ನೊಂದು ನಡೆಯದ್ದು. ಅವರ ಕೈ ನೋಡಿದೆ. ನಡೆದದ್ದನ್ನು ಹೇಳಿದರೆ ಆ ರಕ್ತವೆಲ್ಲ ಎಂದೂ ಇಲ್ಲದ ಕೆಲಸಕ್ಕೆ ಸುರಿಸಿದ್ದಾಗುತ್ತಿತ್ತು.

“ಕೆಲ್ಸ ಕೊಡಲ್ಲಂತೆ ಮೇಸ್ತ್ರೀ. ಆ ಹಗ್ಗದ್ ವಿಷ್ಯ ಸಾಹೇಬ್ರ ತಲೇಲಿ ಕೂತುಬಿಟ್ಟಿದೆ.”

“ನೀನು ನಿಜ ಹೇಳ್ಲಿಲ್ವಾ?”

“ಇಲ್ಲ.”

“ಹೇಳಿದ್ರೆ ಕೊಡ್ತಿದ್ರಾ?”

“ಕೊಡ್ತಿದ್ರು. ಕೆಲ್ಸ ನೋಡಿ ಅವ್ರಿಗೆ ಬಾಳ ಖುಷಿ ಆಗಿತ್ತು. ಯಾರ್ ಮಾಡಿದ್ದು ಅಂತ ಕೇಳಿದ್ರು.”

“ಮತ್ತೆ ಯಾರ್ಗ್ ಕೊಟ್ರು?”

“ನಂಗೆ.”

ಅವರು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದು ಎರಡು ಹೆಜ್ಜೆ ಹತ್ತಿರವೂ ಹೋದೆ. ಮೇಸ್ತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಅದರ ತುದಿಗೆ ನಾನು ಕೈ ಚಾಚಿದೆ. ಅವರು ನನ್ನ ಕೈ ದಾಟಿಸಿ ಅದನ್ನು ಬೀಡಿ ಸೇದುತ್ತಿದ್ದ ಯಜಮಾನನಿಗೆ ಕೊಟ್ಟರು. ಅವನು ಬೀಡಿ ಬಾಯಲ್ಲಿಟ್ಟುಕೊಂಡೇ ಹಸುವಿನ ಹಗ್ಗ ಹಿಡಿದ ಹಾಗೆ ಹಿಡಿದುಕೊಂಡ.

ಒಂದು ಕಾಲು ಬಾವಿಯೊಳಗಿಟ್ಟು ಮೇಸ್ತ್ರಿ ತಿರುಗಿ ನನ್ನನ್ನು ನೋಡಿದರು.

“ಈ ವಯಸ್ಸಲ್ಲೂ ನಂಗೆ ಒಂದ್ ದಾರಿ ತೆಗ್ದಿತ್ತು ಕಣ್ಲಾ,” ಎಂದರು.

“ತೆಗ್ದಿತ್ತು ಮೇಸ್ತ್ರೀ,” ಎಂದೆ.